ಅಕ್ಕಸಾಲಿಯ ಇಕ್ಕಳ, ದೊಡ್ಡಮ್ಮನ ಹಲ್ಲು ಸೆಟ್ಟು

ಕೆಳಸಾಲಿನ ಹಲ್ಲು ಸೆಟ್ಟು ಸಡಿಲವಾದಾಗಲೆಲ್ಲ ನಮ್ಮ ದೊಡ್ಡಮ್ಮ ದಂತವೈದ್ಯರ ಬಳಿಗೆ ಹೋಗುತ್ತಿರಲಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಅವರ ಮೂಗುಬೊಟ್ಟು, ಓಲೆಯ ತಿರುಪು ಸರಿಮಾಡಿ ಕೊಡುತ್ತಿದ್ದ ಅಕ್ಕಸಾಲಿಯೊಬ್ಬರಿದ್ದರು. ಸೆರಗಿನ ತುದಿಯಲ್ಲಿ ಸುತ್ತಿ ತಂದ ಸೆಟ್ಟನ್ನು ಅವರ ಗಾಜಿನ ಕಪಾಟಿನ ಮೇಲೆ ಇಡುವುದು, ಅವರು ಒಂದಿಷ್ಟೂ ಮುಖ ಸಿಂಡರಿಸದೆ ಅದನ್ನೆತ್ತಿ ಬೆಳಕಿಗೆ ಹಿಡಿಯುವುದು, ಚೂಪುಮೂತಿಯ ಇಕ್ಕಳದಿಂದ ಎರಡೂ ಬದಿಯ ತಂತಿಯನ್ನು ಕೂದಲೆಳೆಯಷ್ಟು ಒಳಕ್ಕೆ ಬಗ್ಗಿಸಿ ಕೊಡುವುದು. ಕಾಸು ಕೇಳುತ್ತಿರಲಿಲ್ಲ. ಮೂರನೇ ಸಲ ಹೋದಾಗ ನಾನೂ ಜೊತೆಗಿದ್ದೆ.

“ಅಮ್ಮಾ, ಇದು ಚಿನ್ನ ಅಲ್ಲ. ಚಿನ್ನ ಆಗಿದ್ರೆ ಕಾಯಿಸಿ ಹದ ಮಾಡಿ ಮತ್ತೆ ಬಗ್ಗಿಸ್ತಿದ್ದೆ. ಇದನ್ನ ಇನ್ನೊಂದ್ಸಲ ಮುಟ್ಟಿದ್ರೆ ಮುರಿಯುತ್ತೆ.”

“ಮುರಿದ್ರೆ ಮುರೀಲಿ ಮಾರಾಯ. ನಾಡಿದ್ದು ಮದುವೆ ಮನೆ ಊಟಕ್ಕೆ ಆಗ್ಬೇಕು, ಅಷ್ಟೆ.”

ಮದುವೆಮನೆಯ ತನಕವೂ ಬರಲಿಲ್ಲ. ಇಕ್ಕಳದ ಬಾಯಲ್ಲೇ ಟಕ್ಕೆಂದಿತು. ಅಕ್ಕಸಾಲಿ ಮುರಿದ ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದರು: ಉಗುರಿನಷ್ಟು ಉದ್ದದ, ಬಾಗಿದ ಒಂದು ತಂತಿ.

ಹಲ್ಲು ಕಟ್ಟಿಸಿಕೊಳ್ಳಲು ಹೋದವರು ಕೇಳುವ ಪ್ರಶ್ನೆ ಎರಡೇ. ಹಲ್ಲಿನ ಬಣ್ಣ ಹೊಂದುತ್ತದೆಯೇ? ಎಷ್ಟಾಗುತ್ತದೆ? ಉಗುರುದ್ದದ ಆ ಕೊಕ್ಕೆಯನ್ನು ಯಾವುದರಿಂದ ಮಾಡುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದರೆ ಸೆಟ್ಟು ನಿಲ್ಲುವುದು ಆ ಕೊಕ್ಕೆಯಿಂದ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಬಾಯಲ್ಲಿ ಉಳಿದಿರುವ ಸ್ವಂತ ಹಲ್ಲುಗಳು ಇನ್ನೆಷ್ಟು ವರ್ಷ ಉಳಿಯುತ್ತವೆ ಎಂಬುದೂ ಒಂದು ಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಕೊಕ್ಕೆ ಹಿಡಿಯುವ ಬಗೆಯನ್ನು ಮೊದಲು ನೋಡೋಣ. ಹಲ್ಲು ಗೂಟದ ಹಾಗೆ ನೆಟ್ಟಗಿಲ್ಲ. ಬಿಂದಿಗೆಯ ಹಾಗೆ ನಡುವೆ ಉಬ್ಬಿ, ವಸಡಿನ ಹತ್ತಿರ ಸೊರಗುತ್ತದೆ. ಉಬ್ಬನ್ನು ದಾಟಿ ಸೊರಗಿದ ಜಾಗಕ್ಕೆ ಇಳಿದು ಕೂರುವುದು ಕೊಕ್ಕೆಯ ತುದಿಯ ಕೆಲಸ. ಬಳೆಗಾರ ಬಳೆ ತೊಡಿಸುವುದನ್ನು ನೆನೆಯಿರಿ: ಗಿಣ್ಣಿನ ಬಳಿ ಬಿಗಿ, ದಾಟಿದ ಮೇಲೆ ಮಣಿಕಟ್ಟಿನಲ್ಲಿ ಸಡಿಲ. ಗಾಜಿನ ಬಳೆ ಬಗ್ಗುವುದಿಲ್ಲವಾದ್ದರಿಂದ ಬಳೆಗಾರ ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಅಂಗೈಯನ್ನು ಒತ್ತಿ, ಕೈಯನ್ನೇ ಸಣ್ಣದು ಮಾಡುತ್ತಾನೆ. ಬಾಯಲ್ಲಿ ಇದು ತಿರುವುಮುರುವು. ಹಲ್ಲು ಮಣಿಯಬಾರದು, ಬಳೆಯೇ ಬಗ್ಗಬೇಕು. ದಾಟುವಾಗ ತುಸು ಅರಳಿ, ದಾಟಿದ ಮೇಲೆ ಮೊದಲಿದ್ದ ಆಕಾರಕ್ಕೇ ಮರಳಬೇಕು.

ಎಷ್ಟು ಅರಳಬೇಕು? ಎರಕದ ಲೋಹದ ಕೊಕ್ಕೆಗೆ ವೈದ್ಯರು ಸಾಮಾನ್ಯವಾಗಿ ಆರಿಸಿಕೊಳ್ಳುವ ಒಳಸರಿವು, ಅಂದರೆ ಉಬ್ಬಿಗಿಂತ ಹಲ್ಲು ಒಳಕ್ಕೆ ಸರಿದಿರುವ ಅಳತೆ, 0.25 ಮಿಲಿಮೀಟರ್. ಮದುವೆಯ ಕರೆಯೋಲೆಯ ಕಾರ್ಡು ಹೆಚ್ಚುಕಡಿಮೆ ಅಷ್ಟು ದಪ್ಪವಿರುತ್ತದೆ. ತಂತಿಯ ಕೊಕ್ಕೆಯಾದರೆ ಅದರ ಎರಡರಷ್ಟು, 0.5 ಮಿ.ಮೀ. ಇದನ್ನು ಕಣ್ಣಂದಾಜಿನಲ್ಲಿ ಅಳೆಯಲು ಬರುವುದಿಲ್ಲ. ಬಾಯಿಯ ಅಚ್ಚನ್ನು ಸರ್ವೇಯರ್ ಎಂಬ ಪುಟ್ಟ ಯಂತ್ರದ ಮೇಲೆ ಕೂರಿಸಿ, ಅದರ ಲಂಬ ಕಡ್ಡಿಯನ್ನು ಹಲ್ಲಿನ ಸುತ್ತ ಆಡಿಸಿ, ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಗೆರೆ ಎಳೆಯುತ್ತಾರೆ. ಅಮೆರಿಕದ ನೇ ಕಂಪನಿ ಇಂಥ ಯಂತ್ರವನ್ನು 1923ರಲ್ಲೇ ಮಾರುಕಟ್ಟೆಗೆ ತಂದಿತ್ತು. ಜಮೀನಿನ ಸರ್ವೆಗೂ ಇದಕ್ಕೂ ಹೆಸರೊಂದೇ ಅಲ್ಲ, ಉದ್ದೇಶವೂ ಒಂದೇ: ಕಲ್ಲು ನೆಡುವ ಮುನ್ನ ಗಡಿ ಗೊತ್ತಿರಬೇಕು.

ಕೂತ ಮೇಲೆ ಕೊಕ್ಕೆ ಹಲ್ಲನ್ನು ಹಿಂಡಬಾರದು, ಸುಮ್ಮನೆ ತಾಗಿಕೊಂಡಿರಬೇಕು. ಯಾರಾದರೂ ಎಳೆದಾಗ, ಅಂಟುವ ತಿಂಡಿ ಜಗ್ಗಿದಾಗ ಮಾತ್ರ ಅದು ಎದ್ದು ಕೆಲಸಕ್ಕೆ ಬರಬೇಕು. ನಮ್ಮ ಅಕ್ಕಸಾಲಿಯ ಇಕ್ಕಳ ಮಾಡುತ್ತಿದ್ದುದು ಇದರ ವಿರುದ್ಧದ ಕೆಲಸ. ಒಳಕ್ಕೆ ಬಗ್ಗಿಸಿದ ತಂತಿ ಹಗಲೆಲ್ಲ ಹಲ್ಲನ್ನು ತಳ್ಳುತ್ತಲೇ ಇರುತ್ತಿತ್ತು. ವಕ್ರದಂತಕ್ಕೆ ಹಾಕುವ ಕ್ಲಿಪ್ಪೂ ಮಾಡುವುದು ಇದನ್ನೇ. ಅಲ್ಲಿ ಹಲ್ಲು ಸರಿಯಲೆಂದೇ ತಳ್ಳುತ್ತಾರೆ, ಇಲ್ಲಿ ಯಾರೂ ಹಾಗೆಂದು ಬಯಸಿರಲಿಲ್ಲ. ಪಾಪ, ಅವರಿಗೆ ಗೊತ್ತಿರಲಿಲ್ಲ; ದೊಡ್ಡಮ್ಮನಿಗೆ “ಈಗ ಬಿಗಿಯಾಯ್ತು” ಎಂಬ ಸಮಾಧಾನವೇ ಸಾಕಿತ್ತು.

ಆ ತಂತಿ ಸ್ಟೇನ್‌ಲೆಸ್ ಸ್ಟೀಲಿನದು. ನಮ್ಮ ಅಡುಗೆಮನೆಯ ಲೋಟ, ತಟ್ಟೆಗಳ ಒಡಹುಟ್ಟು: ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್, ಉಳಿದದ್ದು ಬಹುಪಾಲು ಕಬ್ಬಿಣ. ದಪ್ಪ ಸುಮಾರು 0.9 ಮಿ.ಮೀ. ಅಚ್ಚಿನ ಕಿಂಡಿಗಳ ಮೂಲಕ ಎಳೆದೆಳೆದು ಸಣ್ಣಗೆ ಮಾಡಿದ ತಂತಿಯಾದ್ದರಿಂದ ಲೋಹದ ಕಣಗಳು ನಾರಿನ ಹಾಗೆ ಉದ್ದುದ್ದ ಮಲಗಿರುತ್ತವೆ. ಅದರ ಪುಟಿತ ಬರುವುದೇ ಹೀಗೆ ಎಳೆದದ್ದರಿಂದ. ದುಂಡಗಿರುವುದರಿಂದ ಯಾವ ದಿಕ್ಕಿಗೂ ಬಾಗಬಲ್ಲದು. ಪ್ರತಿ ಸಲ ಬಗ್ಗಿಸಿದಾಗಲೂ ಅದು ಇನ್ನಷ್ಟು ಗಡುಸಾಗುತ್ತದೆ, ಗಡುಸಾದಂತೆ ಪೆಡಸಾಗುತ್ತದೆ. ಚಿನ್ನವನ್ನು ಕಾಯಿಸಿ ಮೆದು ಮಾಡಿ ಮುಂದುವರಿಯಬಹುದು. ಈ ಸ್ಟೀಲನ್ನು ಕಾಯಿಸಿದರೆ ಪುಟಿತವೇ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಸುತ್ತಲಿನ ಗುಲಾಬಿ ಅಕ್ರಿಲಿಕ್ಕಂತೂ ಸುಟ್ಟೇಹೋಗುತ್ತದೆ. ಅಕ್ಕಸಾಲಿಗೆ ಈ ವಿಚಾರ ಕೈಗೆ ತಿಳಿದಿತ್ತು.

ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವುದು ಇದೇ, ಅಕ್ರಿಲಿಕ್ ತಟ್ಟೆಗೆ ಸ್ಟೀಲ್ ತಂತಿ ಹೂತ ಸೆಟ್ಟು. ಬೇಗ ಆಗುತ್ತದೆ, ಕೈಗೆಟಕುವ ಬೆಲೆ, ಮುರಿದರೆ ಅದೇ ದಿನ ರಿಪೇರಿ. ಇದನ್ನು ಹೀಗಳೆಯುವುದು ಸುಲಭ, ಆದರೆ ನಾನು ಹೀಗಳೆಯುವುದಿಲ್ಲ. ಇದರ ದೋಷ ತಂತಿಯಲ್ಲಿಲ್ಲ, ಒರಗು ಇಲ್ಲದಿರುವುದರಲ್ಲಿದೆ. ಒಳ್ಳೆಯ ಸೆಟ್ಟಿಗೆ ಆಧಾರದ ಹಲ್ಲಿನ ನೆತ್ತಿಯ ಮೇಲೆ ಚಮಚದಾಕಾರದ ಪುಟ್ಟ ಗುಳಿ ಕೊರೆದು, ಅದರಲ್ಲಿ ಕೂರುವ ಲೋಹದ ನಾಲಿಗೆಯೊಂದನ್ನು ಕೊಟ್ಟಿರುತ್ತಾರೆ, ಅದೇ ಒರಗು. ಅಗಿದ ಭಾರ ಆ ನಾಲಿಗೆಯ ಮೂಲಕ ಹಲ್ಲಿನ ಬೇರಿಗೆ ಇಳಿಯುತ್ತದೆ. ಅದಿಲ್ಲದ ಅಕ್ರಿಲಿಕ್ ಸೆಟ್ಟು ಪೂರ್ತಿ ವಸಡಿನ ಮೇಲೆಯೇ ಕೂತು, ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತ, ಹಲ್ಲಿನ ಬುಡದ ವಸಡನ್ನು ಸವರಿ ಸುಲಿಯುತ್ತದೆ. ದಂತವೈದ್ಯ ವಿದ್ಯಾರ್ಥಿಗಳಿಗೆ ಇದನ್ನು ‘ಗಮ್ ಸ್ಟ್ರಿಪರ್’ ಎಂದು ಬೈದೇ ಪಾಠ ಮಾಡುತ್ತಾರೆ.

ಹಲ್ಲಿಗೆ ಹಲ್ಲು ಕಟ್ಟುವ ಲೋಹವಾಗಿ ಚಿನ್ನಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಚರಿತ್ರೆಯಿದೆ. ಇಟಲಿಯ ಎಟ್ರಸ್ಕನ್ ಜನ ಚಿನ್ನದ ಪಟ್ಟಿಯನ್ನು ಹಲ್ಲುಗಳಿಗೆ ಬಳಸಿ, ಕಳೆದುಹೋದ ಹಲ್ಲಿನ ಜಾಗದಲ್ಲಿ ಬೇರೊಂದನ್ನು ಕೂರಿಸುತ್ತಿದ್ದರು. ಇದಕ್ಕೆ ಹೋಲಿಸಿದರೆ ಜಾರ್ಜ್ ವಾಷಿಂಗ್ಟನ್ನರ ಪಾಡು ನಾಯಿಪಾಡು. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಹಲ್ಲು. ದಂತವೈದ್ಯ ಜಾನ್ ಗ್ರೀನ್‌ವುಡ್ ನೀರುಕುದುರೆಯ ದಂತದಲ್ಲಿ ಸೆಟ್ಟು ಕೆತ್ತಿ, ಆ ಒಂಟಿ ಹಲ್ಲು ತೂರಲು ಅದರಲ್ಲಿ ತೂತು ಕೊರೆದಿದ್ದರು. ದಂತಕ್ಕೆ ಪುಟಿತ ಎಲ್ಲಿಂದ ಬರಬೇಕು? 1796ರಲ್ಲಿ ಆ ಹಲ್ಲೂ ಹೋಯಿತು. ಗ್ರೀನ್‌ವುಡ್ ಅದನ್ನು ನೆನಪಿಗೆಂದು ಪದಕದೊಳಗೆ ಇಟ್ಟುಕೊಂಡರು. ವಾಷಿಂಗ್ಟನ್ನರದು ಮರದ ಹಲ್ಲು ಎಂಬ ಮಾತು ಬರೀ ಕಟ್ಟುಕಥೆ.

ಮೇಣದ ಮಾದರಿ ಮಾಡಿ, ಅದನ್ನು ಕರಗಿಸಿ, ಆ ಪೊಳ್ಳಿನಲ್ಲಿ ಲೋಹ ಹುಯ್ಯುವ ವಿದ್ಯೆ ನಮ್ಮ ವಿಗ್ರಹ ಶಿಲ್ಪಿಗಳಿಗೆ ಹೊಸದಲ್ಲ. ಅದನ್ನು ದಂತಚಿಕಿತ್ಸೆಯಲ್ಲಿ ರೂಢಿಗೆ ತಂದವರು ಅಮೆರಿಕದ ವಿಲಿಯಂ ಟ್ಯಾಗರ್ಟ್, 1907ರಲ್ಲಿ. ಅಲ್ಲಿಂದ ಎರಡು ಮೂರು ದಶಕ ಎರಕದ ಚಿನ್ನವೇ ರಾಜ. ಶುದ್ಧ ಚಿನ್ನವಲ್ಲ, ತಾಮ್ರ, ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂ ಸೇರಿಸಿ ಗಡುಸು ಮಾಡಿದ್ದು. ಹದವಾಗಿ ಬಾಗುವ ಗುಣದಲ್ಲಿ ಇಂದಿಗೂ ಅದನ್ನು ಮೀರಿಸಿದ ಕೊಕ್ಕೆ ಇಲ್ಲ ಎನ್ನುವ ಹಿರಿಯ ವೈದ್ಯರಿದ್ದಾರೆ. 1934ರಲ್ಲಿ ಅಮೆರಿಕ ಸರ್ಕಾರ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಆ ಹೊತ್ತಿಗೆ ಅಗ್ಗದ ಪ್ರತಿಸ್ಪರ್ಧಿಯೂ ಬಾಗಿಲಲ್ಲಿ ನಿಂತಿತ್ತು.

ಅದು ಕೋಬಾಲ್ಟ್-ಕ್ರೋಮಿಯಂ. ಇದರ ಮೂಲಪುರುಷ ಇಂಡಿಯಾನಾದ ಎಲ್ವುಡ್ ಹೇನ್ಸ್, ಅಮೆರಿಕದ ಮೊದಮೊದಲ ಮೋಟಾರು ಕಾರುಗಳಲ್ಲೊಂದನ್ನು ಕಟ್ಟಿದಾತ. ಕಪ್ಪಾಗದ ಊಟದ ಚಾಕು-ಚಮಚ ಬೇಕೆಂದು ಹೆಂಡತಿ ಕೇಳಿದ್ದೇ ಈ ಹುಡುಕಾಟಕ್ಕೆ ನೆಪವಾಯಿತು ಎಂಬ ಕಥೆಯಿದೆ. 1907ರಲ್ಲಿ ಪೇಟೆಂಟ್ ಪಡೆದ ತನ್ನ ಮಿಶ್ರಲೋಹಕ್ಕೆ ನಕ್ಷತ್ರದ ಹೊಳಪಿನದು ಎಂಬರ್ಥದಲ್ಲಿ ಸ್ಟೆಲ್ಲೈಟ್ ಎಂದು ಹೆಸರಿಟ್ಟ. 1930ರ ದಶಕದ ಆರಂಭದಲ್ಲಿ ಆಸ್ಟೆನಲ್ ಎಂಬ ಪ್ರಯೋಗಾಲಯ ಅದೇ ಕುಲದ ವೈಟಾಲಿಯಂ ಎಂಬ ಲೋಹವನ್ನು ಹಲ್ಲಿನ ಎರಕಕ್ಕೆ ಒಗ್ಗಿಸಿತು. 1938ರಲ್ಲಿ ಬಾಸ್ಟನ್ನಿನ ಮೂಳೆವೈದ್ಯ ಸ್ಮಿತ್-ಪೀಟರ್ಸನ್ ಅದರ ಬಟ್ಟಲು ಮಾಡಿ ಸೊಂಟದ ಕೀಲಿಗೆ ತೊಡಿಸಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಟರ್ಬೋಚಾರ್ಜರಿನ ಅಲಗುಗಳೂ ಅದರಿಂದಲೇ ಆದವು. ಊಟದ ಮೇಜಿಗೆ ಹೊರಟ ಲೋಹ ಬಾಯಿಗೆ ಬಂದು, ಅಲ್ಲಿಂದ ಸೊಂಟಕ್ಕಿಳಿದು, ಆಮೇಲೆ ಆಕಾಶಕ್ಕೆ ಹಾರಿತು.

ಈ ಲೋಹದ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಸೆಟೆತ. ಬಾಗಲು ಒಡ್ಡುವ ಪ್ರತಿರೋಧವನ್ನು ಗಿಗಾಪ್ಯಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಕೋಬಾಲ್ಟ್-ಕ್ರೋಮಿಯಮ್ಮಿಗೆ ಅದು 220ರ ಆಸುಪಾಸು, ಗಡುಸು ಚಿನ್ನಕ್ಕೆ 100ರ ಹತ್ತಿರ, ಟೈಟಾನಿಯಮ್ಮಿಗೆ 110ರಷ್ಟು. ತೂಕದಲ್ಲಿ ಚಿನ್ನಕ್ಕಿಂತ ಬಹಳ ಹಗುರ. ಅಂಗುಳಿಗೆ ಹಾಯುವ ಪಟ್ಟಿಯನ್ನು ಅರ್ಧ ಮಿಲಿಮೀಟರಿನ ಆಜುಬಾಜಿಗೆ ತೆಳ್ಳಗೆ ಎರೆದರೂ ಅಲುಗುವುದಿಲ್ಲ. ಅಕ್ರಿಲಿಕ್ ಆಗಿದ್ದರೆ ನಾಲ್ಕು ಪಟ್ಟು ದಪ್ಪ ಬೇಕಾಗುತ್ತಿತ್ತು, ಮಾತು ತೊದಲುತ್ತಿತ್ತು, ಕಾಫಿಯ ಬಿಸಿ ಅಂಗುಳಿಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ವೈದ್ಯರು ‘ಸಿಪಿಡಿ’ ಅಥವಾ ‘ಕಾಸ್ಟ್ ಪಾರ್ಷಿಯಲ್’ ಎಂದು ಕರೆಯುವುದು ಇದನ್ನೇ.

ಪಟ್ಟಿಗೆ ವರವಾದ ಸೆಟೆತವೇ ಕೊಕ್ಕೆಗೆ ಶಾಪ. ಒಂದು ತುದಿ ಹುಗಿದ ಕಡ್ಡಿಯ ಇನ್ನೊಂದು ತುದಿಯನ್ನು ಬಗ್ಗಿಸುವಾಗ ಉದ್ದ ಇಮ್ಮಡಿಯಾದರೆ ಬೇಕಾಗುವ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಇಮ್ಮಡಿಯಾದರೆ ಎಂಟು ಪಟ್ಟು ಅಥವಾ ಅದಕ್ಕೂ ಮೇಲೆ ಏರುತ್ತದೆ. ಎರಕದ ಕೊಕ್ಕೆ 0.25 ಮಿ.ಮೀ. ಒಳಸರಿವಿಗೆ ಸುರಕ್ಷಿತವಾಗಿ ಬಾಗಿ ಬರಬೇಕಾದರೆ ಸುಮಾರು 15 ಮಿ.ಮೀ. ಉದ್ದವಿರಬೇಕು ಎನ್ನುತ್ತಾರೆ. ದೊಡ್ಡ ದವಡೆಹಲ್ಲನ್ನು ಬಳಸಿ ಬಂದರೆ ಅಷ್ಟು ಉದ್ದ ಸಿಗುತ್ತದೆ. ಅದರ ಮುಂದಿನ ಚಿಕ್ಕ ಹಲ್ಲಿನಲ್ಲಿ ಸಿಗುವುದಿಲ್ಲ. ಅಲ್ಲಿಯೂ ಇದನ್ನೇ ಹಾಕಿದರೆ ಒಂದೋ ಕೊಕ್ಕೆ ಸೋತು ಅಗಲಾಗುತ್ತದೆ, ಇಲ್ಲವೇ ಹಲ್ಲು ಸೋಲುತ್ತದೆ. ಲೋಹ ಮತ್ತು ಹಲ್ಲಿನ ಜಗಳದಲ್ಲಿ ನಾವು ಯಾರ ಪರ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಕೊಕ್ಕೆ ಹಾಳಾದರೆ ಇನ್ನೊಂದು ಮಾಡಿಸಬಹುದು.

ಇಲ್ಲಿಯೇ ದೊಡ್ಡಮ್ಮನ ಬಾಯಿಯ ವಿಶೇಷವನ್ನು ಹೇಳಬೇಕು. ಕೆಳಗೆ ಎರಡೂ ಬದಿಯ ಹಿಂದಿನ ಹಲ್ಲುಗಳು ಹೋಗಿ, ಮುಂದಿನವು ಮಾತ್ರ ಉಳಿದಿದ್ದವು. ಎಡ್ವರ್ಡ್ ಕೆನಡಿ ಎಂಬುವರು 1925ರಲ್ಲಿ ಮಾಡಿದ ವರ್ಗೀಕರಣದಲ್ಲಿ ಇದು ಮೊದಲನೆಯ ವರ್ಗ. ಇಂಥ ಸೆಟ್ಟಿಗೆ ಮುಂದುಗಡೆ ಹಲ್ಲಿನ ಆಸರೆ ಇರುತ್ತದೆ, ಹಿಂದುಗಡೆ ಮೆತ್ತನೆಯ ವಸಡು ಮಾತ್ರ. ಅಗಿದಾಗ ಹಲ್ಲು ಎಲುಬಿನೊಳಗೆ ಕೂದಲೆಳೆಯಷ್ಟು ಇಳಿದರೆ ವಸಡು ಅದರ ಎಷ್ಟೋ ಪಟ್ಟು ಕುಸಿಯುತ್ತದೆ. ಸೆಟ್ಟಿನ ಹಿಂಬದಿ ಕೆಳಕ್ಕೆ, ಮುಂಬದಿ ಮೇಲಕ್ಕೆ. ಥೇಟ್ ಏತದ ಮರ. ನಡುವೆ ಸಿಕ್ಕಿದ ಆಧಾರದ ಹಲ್ಲಿಗೆ ಪ್ರತಿ ತುತ್ತಿಗೂ ಮೀಟುಹಾರೆಯ ಪೆಟ್ಟು. ಸೆಟೆದ ಕೊಕ್ಕೆ ಅಲ್ಲಿ ಹಲ್ಲನ್ನು ಕೀಳುವ ಆಯುಧವೇ ಆದೀತು. ಇದಕ್ಕೆ ಕ್ರಾಟೊಚ್ವಿಲ್ 1963ರಲ್ಲಿ, ಕ್ರೋಲ್ 1973ರಲ್ಲಿ ತೋರಿಸಿದ ದಾರಿಯೆಂದರೆ, ಒರಗನ್ನು ಹಲ್ಲಿನ ಮುಂಭಾಗಕ್ಕೆ ಸರಿಸಿ, ವಸಡಿನ ಕಡೆಯಿಂದ ಎದ್ದು ಬರುವ ಸಣ್ಣ ಕೊಕ್ಕೆ ಕೊಟ್ಟು, ಹಿಂಬದಿ ಕುಸಿದಾಗ ಆ ಕೊಕ್ಕೆ ಹಲ್ಲನ್ನು ಬಿಟ್ಟು ಕೆಳಗೆ ಜಾರುವಂತೆ ಮಾಡುವುದು. ಇನ್ನೊಂದು ಸರಳ ದಾರಿಯೂ ಇದೆ. ಪಟ್ಟಿ, ಒರಗು ಎಲ್ಲ ಸೆಟೆದ ಎರಕದ್ದೇ ಇರಲಿ. ಆಧಾರದ ಹಲ್ಲಿನ ಹೊರಮೈಗೆ ಮಾತ್ರ ದುಂಡು ತಂತಿ ಬೆಸೆಯಿರಿ. ಅಗ್ಗದ ಸೆಟ್ಟಿನಲ್ಲಿ ಕಂಡು ಮೂಗು ಮುರಿಯುವ ಅದೇ ತಂತಿ ಇಲ್ಲಿ ಮರ್ಯಾದೆಯ ಸ್ಥಾನ ಪಡೆಯುತ್ತದೆ.

ಟೈಟಾನಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಬಾಲ್ಟ್-ಕ್ರೋಮಿನ ಅರ್ಧದಷ್ಟು ಭಾರ, ಅರ್ಧದಷ್ಟು ಸೆಟೆತ, ದೇಹದೊಂದಿಗೆ ಒಳ್ಳೆಯ ಹೊಂದಾಣಿಕೆ. ಆದರೆ 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ, ಕಾದಾಗ ಗಾಳಿಯನ್ನೂ ಅಚ್ಚಿನ ಮಣ್ಣನ್ನೂ ಕಚ್ಚಿಕೊಳ್ಳುವ ಲೋಹವನ್ನು ಎರಕ ಹುಯ್ಯುವುದು ಸಣ್ಣ ಲ್ಯಾಬಿಗೆ ತಲೆನೋವು. ಕಂಪ್ಯೂಟರ್ ನಕ್ಷೆಯಂತೆ ಲೇಸರಿನಿಂದ ಲೋಹದ ಪುಡಿಯನ್ನು ಪದರಪದರವಾಗಿ ಬೆಸೆಯುವ ಮುದ್ರಣ ಯಂತ್ರಗಳು ಬಂದ ಮೇಲೆ ಈ ಕಷ್ಟ ಸಡಿಲವಾಗುತ್ತಿದೆ. ಕೋಬಾಲ್ಟ್-ಕ್ರೋಮನ್ನೂ ಈಗ ಹೀಗೆ ಮುದ್ರಿಸುತ್ತಾರೆ.

ಕೋಬಾಲ್ಟ್-ಕ್ರೋಮಿನ ಇನ್ನೊಂದು ಮುಖ ನಮಗೆ ಕಾಣುವುದಿಲ್ಲ, ಲ್ಯಾಬಿನ ಹುಡುಗರಿಗೆ ಕಾಣುತ್ತದೆ. ಎರಕ ಹುಯ್ದ ಪಟ್ಟಿಯನ್ನು ಉಜ್ಜಿ ಹೊಳಪು ಕೊಡುವಾಗ ಏಳುವ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಐರೋಪ್ಯ ಒಕ್ಕೂಟ 2021ರ ಅಕ್ಟೋಬರ್‌ನಿಂದ ಕೋಬಾಲ್ಟನ್ನು ಕ್ಯಾನ್ಸರ್‌ಕಾರಕವೆಂದು ಭಾವಿಸಬೇಕಾದ ವಸ್ತುಗಳ 1ಬಿ ವರ್ಗಕ್ಕೆ ಸೇರಿಸಿದೆ. ಬಾಯೊಳಗೆ ಹೊಳಪಾಗಿ ಕೂತ ಲೋಹದ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆಯಿರುತ್ತದೆ, ಅದು ಕರಗಿ ಬರುವುದು ತೀರ ಕಡಿಮೆ. ಅಪಾಯ ದೂಳಿನದು. ಮುಖಗವಸು ಇಲ್ಲದೆ, ದೂಳು ಹೀರುವ ಫ್ಯಾನಿಲ್ಲದೆ, ಬೆಳಿಗ್ಗೆಯಿಂದ ಸಂಜೆವರೆಗೆ ಉಜ್ಜುವ ಟೆಕ್ನಿಷಿಯನ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ.

ಈಗ ‘ಫ್ಲೆಕ್ಸಿಬಲ್’ ಸೆಟ್ಟಿಗೆ ಬರೋಣ. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಹಾಕಿಸಿಕೊಂಡದ್ದು ಅದನ್ನು. ಕ್ಲಿನಿಕ್ಕಿನಲ್ಲಿ ಸೆಟ್ಟನ್ನು ಅವರೆದುರೇ ಎರಡು ಬೆರಳಲ್ಲಿ ಮಡಿಸಿ, ಬಿಟ್ಟು, “ನೋಡಿ ಸಾರ್, ಮುರಿಯೋ ಮಾತೇ ಇಲ್ಲ” ಎಂದಿದ್ದರಂತೆ. ಲೋಹದ ಚೂರಿಲ್ಲ. ಕೊಕ್ಕೆಯೂ ವಸಡಿನ ಬಣ್ಣದ್ದೇ, ನಕ್ಕರೆ ಗೊತ್ತಾಗದು. ಮಾವ ಮನೆಮಂದಿಗೆಲ್ಲ ಮಡಿಸಿ ತೋರಿಸಿದರು. ಈ ನೈಲಾನ್ ಸೆಟ್ಟು ಹೊಸ ಆವಿಷ್ಕಾರವೇನಲ್ಲ, 1950ರ ದಶಕದಲ್ಲೇ ಅಮೆರಿಕದಲ್ಲಿ ವಾಲ್‌ಪ್ಲಾಸ್ಟ್ ಹೆಸರಿನಲ್ಲಿ ಬಂದದ್ದು.

ಮಡಿಸಿದರೆ ಮಡಿಸಿಕೊಳ್ಳುವ ಗುಣ ಕೈಯಲ್ಲಿ ಚೆಂದ. ಬಾಯಲ್ಲಿ? ಮಾವನಿಗೂ ಹಿಂಬದಿಯ ಹಲ್ಲುಗಳಿರಲಿಲ್ಲ. ನೈಲಾನಿಗೆ ನೆಚ್ಚಬಹುದಾದ ಒರಗು ಕೊಡಲು ಬರುವುದಿಲ್ಲ, ಅಷ್ಟು ಮೆತ್ತನೆಯ ನಾಲಿಗೆ ಭಾರ ಹೊರುವುದಿಲ್ಲ. ಸೆಟ್ಟು ಇಡಿಯಾಗಿ ಬಾಗುವುದರಿಂದ ಎಡಗಡೆ ಅಗಿದ ಭಾರ ಬಲಗಡೆಗೆ ಹಂಚಿಕೆಯಾಗುವುದಿಲ್ಲ. ಅಗಿದ ಕಡೆಯ ವಸಡೇ ಪೂರಾ ತಿನ್ನಬೇಕು. ವಸಡಿನ ಕೆಳಗಿನ ಎಲುಬು ಸವೆದಂತೆ ಸೆಟ್ಟು ಇಳಿಯುತ್ತದೆ, ಅಗಲವಾದ ಮೆತ್ತನೆಯ ಕೊಕ್ಕೆ ಹಲ್ಲಿನ ಬುಡದ ವಸಡನ್ನು ಮುಚ್ಚಿಕೊಂಡು ಅಲ್ಲಿ ಪಾಚಿ ಕಟ್ಟುವಂತೆ ಮಾಡುತ್ತದೆ. ನೈಲಾನ್ ಬೇರೆ ಪ್ಲಾಸ್ಟಿಕ್ಕಿನೊಂದಿಗೆ ಅಂಟುವ ಜಾತಿಯದಲ್ಲ. ಅದರಲ್ಲಿನ ಹಲ್ಲುಗಳು ಅಂಟಿ ನಿಂತಿರುವುದಿಲ್ಲ. ಪ್ರತಿ ಹಲ್ಲಿನ ತಳದಲ್ಲಿ ತೂತು ಕೊರೆದಿರುತ್ತಾರೆ, ಕರಗಿದ ನೈಲಾನ್ ಅದರೊಳಗೆ ಹರಿದು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆದ್ದರಿಂದಲೇ ಒಂದು ಹಲ್ಲು ಕಳಚಿದರೆ, ತಳ ಸಡಿಲವಾದರೆ, ಕ್ಲಿನಿಕ್ಕಿನಲ್ಲಿ ಕೂತ ಕೂತಲ್ಲೇ ಸರಿಮಾಡಲಾಗುವುದಿಲ್ಲ. ಉಜ್ಜಿದರೆ ಹೊಳಪು ಬರುವ ಬದಲು ನಾರು ಏಳುತ್ತದೆ.

ಮೂರನೆಯ ವರ್ಷಕ್ಕೆ ಮಾವನ ಆಧಾರದ ಹಲ್ಲೊಂದು ಅಲುಗತೊಡಗಿತು. ಎಲ್ಲ ತಪ್ಪನ್ನೂ ನೈಲಾನಿನ ತಲೆಗೇ ಕಟ್ಟಲಾರೆ, ಮಾವನ ಬ್ರಷ್ ಅಭ್ಯಾಸ ನನಗೆ ಗೊತ್ತು. ಆದರೆ 2014ರಲ್ಲಿ ಜಪಾನಿನ ಪ್ರಾಸ್ಥೊಡಾಂಟಿಕ್ ಸೊಸೈಟಿ ಲೋಹದ ಕೊಕ್ಕೆಯಿಲ್ಲದ ಸೆಟ್ಟುಗಳ ಬಗ್ಗೆ ತನ್ನ ನಿಲುವನ್ನು ಹೇಳಿತು. ಗಟ್ಟಿ ಚೌಕಟ್ಟೇ ಇಲ್ಲದ, ಪೂರ್ತಿ ಮೆತ್ತನೆಯ ಸೆಟ್ಟನ್ನು ಲೋಹದ ಅಲರ್ಜಿಯಂಥ ಸಂದರ್ಭಗಳನ್ನು ಬಿಟ್ಟು ಕಾಯಂ ಪರಿಹಾರವಾಗಿ ಕೊಡಬಾರದು ಎಂಬುದು ಅದರ ಸಾರ. ಒಂದೆರಡು ಮುಂದಿನ ಹಲ್ಲು, ತಾತ್ಕಾಲಿಕ ಏರ್ಪಾಡು, ನಿಕಲ್ ತಾಗಿದರೆ ಕಜ್ಜಿಯಾಗುವ ಮೈ, ಇಂಥಲ್ಲಿ ಅದು ಒಳ್ಳೆಯ ವಸ್ತುವೇ. ಮೆತ್ತಗಿದೆಯಾದ್ದರಿಂದ ಹಲ್ಲಿಗೂ ವಸಡಿಗೂ ಹಿತ ಎಂದು ಮಾರುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಮನೆಯ ತೊಲೆ ಬಾಗುತ್ತದೆ ಎಂದರೆ ಯಾರೂ ಸಂತೋಷಪಡುವುದಿಲ್ಲ.

ನಡುದಾರಿಯ ಎರಡು ವಸ್ತುಗಳಿವೆ: ಅಸಿಟಾಲ್ ಮತ್ತು ಪೀಕ್. ಅಸಿಟಾಲ್ ಗೇರು, ಬೇರಿಂಗು, ಜಿಪ್ಪುಗಳಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್, ಹಲ್ಲಿನ ಬಣ್ಣದಲ್ಲೇ ಸಿಗುತ್ತದೆ. ಪೀಕ್ 1978ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಕಂಡುಹಿಡಿದದ್ದು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿ ಬಾಯಿಗೆ ಬಂತು. ಪೀಕ್‌ನ ಸೆಟೆತ 4 ಗಿಗಾಪ್ಯಾಸ್ಕಲ್ ಆಸುಪಾಸು, ಕೋಬಾಲ್ಟ್-ಕ್ರೋಮಿನ ಐವತ್ತನೇ ಒಂದು ಪಾಲಿಗೂ ಕಡಿಮೆ. ಮೇಲೆ ಹೇಳಿದ ಎಂಟು ಪಟ್ಟಿನ ಲೆಕ್ಕವನ್ನೇ ಹಿಡಿದು ಹೋದರೆ, ಲೋಹದ ಕೊಕ್ಕೆಯಷ್ಟೇ ಬಿಗಿ ಬರಲು ಅದಕ್ಕಿಂತ ನಾಲ್ಕು ಪಟ್ಟಿಗೆ ಹತ್ತಿರ ದಪ್ಪ ಬೇಕು. ಹಲ್ಲಿನ ಮೇಲೆ ಅಷ್ಟು ದಪ್ಪದ ಬಾಳೆದಿಂಡನ್ನು ಯಾರು ಸಹಿಸುತ್ತಾರೆ? ಆದ್ದರಿಂದ ಒಂದೂವರೆ ಮಿಲಿಮೀಟರಿನಷ್ಟಕ್ಕೆ ನಿಲ್ಲಿಸಿ, ಒಳಸರಿವನ್ನು 0.5 ಮಿ.ಮೀ.ಗೆ ಆಳಗೊಳಿಸಿ, ಹಿಡಿತ ಕಡಿಮೆಯೆಂದು ಒಪ್ಪಿಕೊಳ್ಳುತ್ತಾರೆ. ಲೋಹದ ಚೌಕಟ್ಟಿಗೆ ಮುಂದಿನ ಕೋರೆಹಲ್ಲಿನ ಕೊಕ್ಕೆ ಮಾತ್ರ ಬಿಳಿಯದು, ಹೀಗೆ ಬಳಸಿದಾಗ ಇವು ಗೆಲ್ಲುತ್ತವೆ. ಒಂದು ಕೊಕ್ಕೆಗೆ ಸುಮಾರು 5 ನ್ಯೂಟನ್, ಎಂದರೆ ಅರ್ಧ ಕಿಲೋದಷ್ಟು ಹಿಡಿತವಿದ್ದರೆ ಸಾಕೆಂದು ಹಲವರು ಲೆಕ್ಕ ಹಾಕುತ್ತಾರೆ.

ಕೊಕ್ಕೆಯೇ ಬೇಡವೆನ್ನುವವರಿಗೆ ಅಟ್ಯಾಚ್‌ಮೆಂಟ್ ಇದೆ. ಟಿಚ್ ಗುಂಡಿಯ ಹಾಗೆ, ಹಲ್ಲಿನ ಟೊಪ್ಪಿಗೆ ಅಥವಾ ಇಂಪ್ಲಾಂಟಿನ ಮೇಲೆ ಗಂಡುಭಾಗ, ಸೆಟ್ಟಿನ ಹೊಟ್ಟೆಯಲ್ಲಿ ಹೆಣ್ಣುಭಾಗ, ಕೆಲವದರಲ್ಲಿ ಅದಲುಬದಲು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಹರ್ಮನ್ ಚೇಯ್ಸ್ ‘ಟಿ’ ಅಕ್ಷರದ ಆಕಾರದ ಲೋಹದ ಜೋಡಿ ಮಾಡಿದಾಗಿನಿಂದ ನೂರಾರು ಬಗೆ ಬಂದಿವೆ. ಲೋಹಕ್ಕೆ ಲೋಹ ಉಜ್ಜಿದರೆ ಎರಡೂ ಸವೆಯುತ್ತವೆ, ಮತ್ತು ಹಲ್ಲಿಗೆ ಕೂರಿಸಿದ ಭಾಗ ಸವೆದರೆ ಇಡೀ ಟೊಪ್ಪಿಯನ್ನೇ ಕಿತ್ತು ಹೊಸದು ಮಾಡಬೇಕು. ಈ ಕಷ್ಟಕ್ಕೆ ನೈಲಾನ್ ಇಲ್ಲಿ ಬಂಗಾರದಂಥ ಉತ್ತರ. ಇಂಪ್ಲಾಂಟಿನ ಮೇಲೆ ಹೆಚ್ಚು ಬಳಕೆಯಲ್ಲಿರುವ ಲೊಕೇಟರ್ ಎಂಬುದರಲ್ಲಿ ಸೆಟ್ಟಿನೊಳಗೆ ಪುಟ್ಟ ನೈಲಾನ್ ಬಿಲ್ಲೆಯಿರುತ್ತದೆ. ಬಣ್ಣವೇ ಅದರ ಬಿಗಿಯ ಗುರುತು: ನೀಲಿಗೆ 680 ಗ್ರಾಂ, ಗುಲಾಬಿಗೆ 1,360, ಬಣ್ಣವಿಲ್ಲದ್ದಕ್ಕೆ 2,270 ಗ್ರಾಮಿನ ಹತ್ತಿರ ಎಳೆತ. ಸವೆದಾಗ ನಲ್ಲಿಯ ವಾಷರ್ ಬದಲಿಸಿದ ಹಾಗೆ ಐದು ನಿಮಿಷದಲ್ಲಿ ಹೊಸದು ಹಾಕುತ್ತಾರೆ. ನೈಲಾನ್ ತಾನೇ ಸವೆದು ಎದುರಿನದನ್ನು ಉಳಿಸುತ್ತದೆ. ಇಡೀ ಸೆಟ್ಟಾಗಿ ಸೋತ ವಸ್ತು ಬಿಲ್ಲೆಯಾಗಿ ಗೆದ್ದಿತು.

ಅಯಸ್ಕಾಂತದ ಜೋಡಿಯೂ ಉಂಟು. 1960ರಲ್ಲಿ ಬೆರ್ಮನ್ ಎಂಬ ವೈದ್ಯರು ದವಡೆಯ ಎಲುಬಿನೊಳಗೇ ಅಯಸ್ಕಾಂತ ಹೂಳಿ ನೋಡಿದ್ದರು. ಇವತ್ತಿನವು ಸಮೇರಿಯಂ-ಕೋಬಾಲ್ಟ್ ಅಥವಾ ನಿಯೋಡಿಮಿಯಂನ ಪುಟ್ಟ ಗುಂಡಿಗಳು. ಅಡ್ಡಡ್ಡ ಬಲ ಬಂದರೆ ಜಾರಿ ಬಿಟ್ಟುಕೊಡುತ್ತವೆಯಾದ್ದರಿಂದ ಅಲುಗುವ ಹಲ್ಲಿಗೆ ಇವು ಹಿತ. ಆದರೆ ಮೇಲಿನ ಸ್ಟೀಲ್ ಕವಚ ಸವೆದು ಜೊಲ್ಲು ಒಳಹೊಕ್ಕರೆ ಅಯಸ್ಕಾಂತ ತುಕ್ಕು ಹಿಡಿದು ಪುಡಿಯಾಗುತ್ತದೆ.

ಇವೆಲ್ಲವನ್ನೂ ಲ್ಯಾಬಿನಲ್ಲಿ ಯಂತ್ರಕ್ಕೆ ಸಿಕ್ಕಿಸಿ ಹಾಕಿ-ತೆಗೆದು ಪರೀಕ್ಷಿಸುತ್ತಾರೆ. ದಿನಕ್ಕೆ ನಾಲ್ಕು ಸಲ ಎಂದು ಹಿಡಿದರೆ ವರ್ಷಕ್ಕೆ 1,460, ಐದು ವರ್ಷಕ್ಕೆ 7,300. ಯಂತ್ರ ಪ್ರತಿ ಸಲವೂ ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತುತ್ತದೆ. ದೊಡ್ಡಮ್ಮ ಹಾಗಲ್ಲ. ಸೆಟ್ಟನ್ನು ಬಾಯಿಗೆ ಹಾಕಿ, ಮೇಲಿನ ಹಲ್ಲಿನಿಂದ ಕಚ್ಚಿ ಕೂರಿಸುತ್ತಿದ್ದರು. ತೆಗೆಯುವಾಗ ಒಂದೇ ಬದಿಯ ತಂತಿಗೆ ಉಗುರು ಸಿಕ್ಕಿಸಿ ಎಳೆಯುತ್ತಿದ್ದರು. ಕೊಕ್ಕೆ ಅಗಲವಾಗಲು ಇಷ್ಟು ಸಾಕು, ಅದು ಯಾವ ಲೋಹದ್ದಾದರೂ. ಎರಡೂ ಬದಿಗೆ ಬೆರಳಿಟ್ಟು ಒತ್ತಿ ಕೂರಿಸಬೇಕು, ತಳದ ಅಂಚು ಹಿಡಿದು ಎತ್ತಬೇಕು, ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೋಬಾಲ್ಟ್-ಕ್ರೋಮಿನದಾದರೆ ಬಟ್ಟೆ ಬಿಳುಪಿಸುವ ಬ್ಲೀಚಿನಲ್ಲಿ ನೆನೆಸಬಾರದು, ಕಪ್ಪಾಗುತ್ತದೆ.

ಮುರಿದ ತಂತಿಯ ಆ ಮದುವೆ ಊಟವನ್ನು ದೊಡ್ಡಮ್ಮ ಪಾಯಸ, ಮೊಸರನ್ನದಲ್ಲಿ ಮುಗಿಸಿದರು. ಎರಡು ತಿಂಗಳ ಮೇಲೆ ದಂತ ಕಾಲೇಜೊಂದರ ಆಸ್ಪತ್ರೆಯಲ್ಲಿ, ಏಳೆಂಟು ಸಲ ಓಡಾಡಿಸಿದ ಮೇಲೆ, ಹೊಸ ಸೆಟ್ಟಾಯಿತು. ಕೋಬಾಲ್ಟ್-ಕ್ರೋಮಿನ ಪಟ್ಟಿ, ಮುಂದಕ್ಕೆ ಸರಿಸಿದ ಒರಗು. ಮಾಡಿದ ಹುಡುಗಿ ಸ್ನಾತಕೋತ್ತರ ವಿದ್ಯಾರ್ಥಿನಿ. “ಅಜ್ಜೀ, ಕಚ್ಚಿ ಕೂರಿಸಬಾರದು” ಎಂದು ಮೂರು ಸಲ ಹೇಳಿ, ಮೂರು ಸಲವೂ ಮಾಡಿಸಿ ನೋಡಿದಳು.

ಊರಿಗೆ ಬಂದವರು ಮೊದಲು ಹೋದದ್ದು ಅಕ್ಕಸಾಲಿಯ ಅಂಗಡಿಗೆ, ತೋರಿಸಲು. ಅವರು ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದರು, ಉಗುರಿನಿಂದ ತಟ್ಟಿ ಸದ್ದು ಕೇಳಿದರು. ಬೆಸುಗೆಯ ಜಾಗಕ್ಕೆ ಬಂದಾಗ ಭೂತಗನ್ನಡಿ ಹಾಕಿಕೊಂಡರು.

“ಅಮ್ಮಾ, ಇಲ್ಲಿ ಮತ್ತೆ ತಂತಿನೇ ಇಟ್ಟಿದಾರಲ್ಲ!”

“ಹೌದಂತೆ. ಅದೊಂದು ಬಾಗ್ಬೇಕಂತೆ. ಉಳಿದದ್ದು ಬಾಗ್ಬಾರದಂತೆ.”

ಅವರು ಇನ್ನೊಮ್ಮೆ ತಿರುಗಿಸಿ ನೋಡಿ, ಅಂಗವಸ್ತ್ರದ ತುದಿಯಿಂದ ಒರೆಸಿ, ದೊಡ್ಡಮ್ಮನ ಕೈಗೆ ಕೊಟ್ಟರು. ಇಕ್ಕಳ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.